ಕೆಂಪು ಅಂಕಿ

ಕರೆಂಟ್ ಬಿಲ್ಲು ನೋಡಿದ ಗಳಿಗೆಯಿಂದ ಬಡಗಿಯ ತಲೆ ಕಾದ ಬಾಣಲೆಯಾಗಿತ್ತು. ಮರ ಕೊಯ್ಯುವ ಮೆಷಿನ್ನನ್ನು ಮನೆಯಿಂದ ಅಂಗಡಿಗೆ ಸಾಗಿಸಿ ಎರಡು ತಿಂಗಳಾದರೂ ಬಿಲ್ಲು ಒಂದಿಷ್ಟೂ ಇಳಿದಿರಲಿಲ್ಲ. ಹಾಗಾದರೆ ಕರೆಂಟು ಕುಡಿಯುತ್ತಿರುವವರು ಯಾರು? ಕೆಳಮನೆಯಲ್ಲಿ ಇರುವವನು ಒಡಹುಟ್ಟಿದ ತಮ್ಮ, ವೆಲ್ಡಿಂಗ್ ಕೆಲಸದವನು.

ಮೆಟ್ಟಿಲ ಕೆಳಗಿನ ತನ್ನ ಮೀಟರಿನ ಧೂಳು ಒರೆಸಿ ಅಂಕಿಗಳನ್ನು ಓದಿದ: ನಾಲ್ಕು, ಎಂಟು, ಎರಡು, ಏಳು, ಆರು. ಬಿಲ್ಲಿನಲ್ಲಿದ್ದ ರೀಡಿಂಗು ನಾಲ್ಕೇ ಅಂಕಿ, 4870. ಮೀಟರಿನಲ್ಲಿ ಹತ್ತು ಪಟ್ಟು! ಇದು ಕರೆಂಟ್ ಕಚೇರಿಗೆ ಗೊತ್ತಾದ ದಿನ ಮನೆ ಮಾರಿದರೂ ಬಾಕಿ ತೀರುವುದಿಲ್ಲ ಅನ್ನಿಸಿತು. ಕೈ ತಾನಾಗಿಯೇ ಸುತ್ತಿಗೆ ಎತ್ತಿಕೊಂಡಿತು.

ತಮ್ಮ ಆಗ ಹಿತ್ತಿಲಲ್ಲಿ ಕಿಟಕಿಯ ಸರಳುಗಳಿಗೆ ಬೆಸುಗೆ ಹಾಕುತ್ತಿದ್ದ. ಮೊದಲ ಏಟಿಗೆ ಅವನ ಮುಖದ ಮೇಲಿನ ಗುರಾಣಿ ಹಾರಿಹೋಯಿತು. ತಲೆಗೆ ಬೀಳಬೇಕಿದ್ದ ಎರಡನೆಯ ಏಟನ್ನು ಬಲಗೈ ತಡೆಯಿತು. ಬೆರಳುಗಳು ಒಣ ಪುರಳೆಯಂತೆ ಲಟಲಟ ಮುರಿದವು. ಅವನೂ ಬಿಡಲಿಲ್ಲ. ಎಡಗೈಗೆ ಸಿಕ್ಕ ಕಾದ ಸರಳನ್ನು ಅಣ್ಣನ ಭುಜಕ್ಕೆ ಒತ್ತಿದ. ಚರ್ಮ ಚುರ್ರೆಂದಿತು. ಇಬ್ಬರೂ ಕಬ್ಬಿಣದ ಪುಡಿಯ ಮೇಲೆ ಹೊರಳಾಡಿದರು. ಅಣ್ಣ ತಮ್ಮನ ಎದೆಯೇರಿ ಕೂತು ಕತ್ತು ಅಮುಕಿದ.

ಬಡಗಿಯ ಹೆಂಡತಿ ಓಡಿಬಂದವಳೇ ಮೊದಲು ವೆಲ್ಡಿಂಗ್ ಮೆಷಿನ್ನಿನ ಸ್ವಿಚ್ಚು ಆರಿಸಿ, ಆಮೇಲೆ ಬಕೆಟ್ ನೀರು ಸುರಿದಳು. ಗಂಡನ ಹಿಡಿತ ಸಡಿಲವಾಯಿತು.

ಕರೆಂಟ್ ಕಳ್ಳ ಎಂದು ಬಡಗಿ ಏದುಸಿರಿನಲ್ಲೇ ಬೈದ. ಮೀಟರಿನಲ್ಲಿ ಓದಿದ ಐದೂ ಅಂಕಿಗಳನ್ನು ಒಂದೊಂದಾಗಿ ಒದರಿದ.

ಬಾಯಲ್ಲಿದ್ದ ರಕ್ತವನ್ನು ತಮ್ಮ ಉಗಿದ. "ಕೊನೇದು ಯಾವ ಬಣ್ಣ ಅಣ್ಣ?"

"ಕೆಂಪು."

"ಕೆಂಪನ್ನ ಲೆಕ್ಕಕ್ಕೆ ಹಿಡೀಬಾರ್ದು. ಅದು ಯೂನಿಟ್ಟಿನ ಚೂರು."

ಅತ್ತಿಗೆ ಅಷ್ಟರಲ್ಲಿ ಗಂಡನ ಜೇಬಿನಿಂದ ಬಿದ್ದಿದ್ದ ಒದ್ದೆ ಬಿಲ್ಲನ್ನು ಎತ್ತಿಕೊಂಡಿದ್ದಳು. ಮೂಲೆಯಲ್ಲಿ ಇರುವೆಯಷ್ಟು ಸಣ್ಣದಾಗಿ ಅಚ್ಚಾಗಿತ್ತು: ಬಾಗಿಲು ಬೀಗ, ಅಂದಾಜು.

"ಸಾಮಾನು ಹೋಗುತ್ತೆ ಅಂತ ಗೇಟಿಗೆ ಬೀಗ ಜಡಿದಿದ್ದು ನೀವೇ," ಎಂದಳು. "ರೀಡಿಂಗಿನವನು ಒಳಗೆ ಬರೋದು ಹೇಗೆ? ಮೊದಲು ನಿಮ್ಮ ಮೆಷಿನ್ನು ತಿಂತಿದ್ದ ಕರೆಂಟನ್ನೇ ನೋಡ್ಕೊಂಡು ಅಂದಾಜು ಬರೆದಿದಾನೆ."

ಬಡಗಿ ಬಿದ್ದಿದ್ದ ಸುತ್ತಿಗೆ ಎತ್ತಿಕೊಂಡು ತೂರಾಡುತ್ತ ಮೀಟರಿನ ಮುಂದೆ ನಿಂತ. ಕೆಂಪನ್ನು ಹೆಬ್ಬೆರಳಿನಿಂದ ಮುಚ್ಚಿದ. 4827. ಬಿಲ್ಲಿಗಿಂತ ಮೀಟರೇ ಹಿಂದಿತ್ತು. ತಮ್ಮ ಕದ್ದದ್ದು ಸೊನ್ನೆ.

ಬಡಗಿ ಕಿರುಚಿ ಸುತ್ತಿಗೆಯನ್ನು ಮೀಟರಿನತ್ತ ಎತ್ತಿದ.

"ಒಡೀಬೇಡ," ಎಂದ ತಮ್ಮ ಬಾಗಿಲಿಗೆ ಒರಗಿ, ಜೋತುಬಿದ್ದ ಬೆರಳುಗಳನ್ನು ಎದೆಗೆ ಅವುಚಿಕೊಂಡು. "ಒಡೆದ್ರೆ ಮತ್ತೆ ಅಂದಾಜೇ ಬರುತ್ತೆ."

ಸುತ್ತಿಗೆ ಕೆಳಗಿಳಿಯಿತು. ಮುಷ್ಟಿ ಮಾತ್ರ ಬಿಚ್ಚಲಿಲ್ಲ. ಹೆಂಡತಿ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಸುತ್ತಿಗೆ ಕಿತ್ತುಕೊಂಡಳು. ಆಮೇಲೆ ಅದೇ ಕೈಗೆ ಗೇಟಿನ ಬೀಗದ ಕೈ ಕೊಟ್ಟು, ಆಟೋ ಹಿಡಿದು ತನ್ನಿ, ಮೈದುನನ್ನ ಆಸ್ಪತ್ರೆಗೆ ಹೊರಡಿಸಬೇಕು ಎಂದಳು.