ಇನ್ನೂ ನೂರು ಕುರ್ಚಿ

"ಕೈಯಲ್ಲಿ ದುಡ್ಡಿಲ್ಲದ ಮೇಲೆ ಸಪ್ಲೈ ಕಾಂಟ್ರಾಕ್ಟು ಯಾಕೋ ತಗೊಂಡೆ, ಬೋಳಿಮಗನೆ? ನಿನ್ನಿಂದ ನಮ್ಮ ಮೀಟಿಂಗ್ ಹಾಲು ಎರಡು ತಿಂಗಳು ಅರ್ಧ ಖಾಲಿ ಬಿದ್ದಿತ್ತು, ಗೊತ್ತಾ?"

ಆಫೀಸಿನ ದೊಡ್ಡ ಸಾಹೇಬರು ಹೀಗೆ ಬೈಯುವಾಗ ಬೂಟುಗಾಲು ಚಾಚಿದ್ದದ್ದು ನಾನು ಮಾಡಿಕೊಟ್ಟ ಕುರ್ಚಿಯ ಮೇಲೆ. ನಾನು ನಿಂತಿದ್ದೆ. ಅಷ್ಟು ಭಾರಕ್ಕೂ ಸೀಟು ಜೋತುಬಿದ್ದಿಲ್ಲವಲ್ಲ ಎಂದು ಒಳಗೊಳಗೇ ಹೆಮ್ಮೆಪಡುತ್ತಿದ್ದೆ. ನನ್ನಂಥ ಇನ್ನೊಬ್ಬ ಮಾನಗೇಡಿಯನ್ನು ನಾನೇ ಕಂಡಿಲ್ಲ.

ನಾನು ಬಡಗಿ. ಚೌಕಟ್ಟಿನ ಕೆಲಸ ನನ್ನದು, ಸೀಟಿಗೆ ಬೆತ್ತ ಹೆಣೆಯುವುದು ನನ್ನ ಹೆಂಡತಿ. ಇನ್ನೂರು ಕುರ್ಚಿಯ ಕಾಂಟ್ರಾಕ್ಟು ಸಿಕ್ಕಿದ್ದೇ ತಡ, ನಾನು ಬಡಗಿ ಹೋಗಿ ಸಪ್ಲೈಯರ್ ಆದೆ. ಶೆಡ್ಡಿಗೆ ಬೋರ್ಡು ಬರೆಸಿದೆ, ವಿಸಿಟಿಂಗ್ ಕಾರ್ಡು ಮಾಡಿಸಿದೆ.

"ಇರೋದು ಎರಡು ತಲೆ, ನಾಲ್ಕು ಕೈ. ಕಾರ್ಡು ಯಾರಿಗ್ರೀ ಕೊಡ್ತೀರಾ, ನನಗಾ?" ಅಂದಳು ಹೆಂಡತಿ.

ಮೊದಲನೆಯದನ್ನು ಅವಳಿಗೇ ಕೊಟ್ಟೆ.

ಕರಾರು ಸರಳವಾಗಿತ್ತು. ಮೊದಲ ನೂರು ಕುರ್ಚಿ ಕೊಟ್ಟ ಮೂವತ್ತು ದಿನದೊಳಗೆ ಅವರು ಅದರ ದುಡ್ಡು ಕೊಡಬೇಕು. ಆ ದುಡ್ಡಿನಲ್ಲಿ ಮರ, ಬೆತ್ತ ತಂದು ನಾನು ಇನ್ನೂ ನೂರು ಮಾಡಿಕೊಡಬೇಕು. ಹೆಂಡತಿಯ ಸರ ಅಡವಿಟ್ಟು ಬೆತ್ತ ತಂದು ಮೊದಲ ನೂರು ಕೊಟ್ಟೆವು. ಮೂವತ್ತು ದಿನ ಹೋಗಿ ಐದು ತಿಂಗಳಾಯಿತು. ಕೇಳಿದಾಗಲೆಲ್ಲ ಬಿಲ್ಲು ಮೇಲಿದೆ ಅನ್ನುತ್ತಿದ್ದರು. ಆ ಆಫೀಸಿಗೆ ಮೇಲ್ಮಹಡಿಯೇ ಇರಲಿಲ್ಲ. ಆದರೂ ಈ ಸಪ್ಲೈಯರ್ ಕೈಕಟ್ಟಿಕೊಂಡು ಸೂರು ನೋಡಿ ಬರುತ್ತಿದ್ದ. ಮರದ ಅಂಗಡಿಯವನು ಸಾಲ ನಿಲ್ಲಿಸಿದ. ಕೊನೆಗೆ ದುಡ್ಡಿನ ಬದಲು ನೋಟಿಸು ಬಂತು: ಉಳಿದ ನೂರು ಕೊಡದೆ ನಾನು ಕರಾರು ಮುರಿದಿದ್ದೇನೆ, ಬೇರೆ ಕಡೆ ದುಬಾರಿ ಬೆಲೆಗೆ ಕುರ್ಚಿ ಕೊಳ್ಳಬೇಕಾಯಿತು, ಆ ನಷ್ಟಕ್ಕೆ ನನ್ನ ಬಿಲ್ಲು ಪೂರ್ತಿ ವಜಾ.

ಇವತ್ತು ಸಹಿ ಹಾಕಲು ಕರೆಸಿದ್ದರು. "ನಿಮ್ಮೊಬ್ಬರನ್ನೇ ಬಿಟ್ರೆ ಥ್ಯಾಂಕ್ಸ್ ಹೇಳಿ ಬರ್ತೀರಾ" ಎಂದು ಹೆಂಡತಿಯೂ ಜೊತೆಗೆ ಬಂದಿದ್ದಳು.

"ಬಾಕಿ ಏನೂ ಇಲ್ಲ ಅಂತ ಇಲ್ಲಿ ಸಹಿ ಹಾಕು" ಎಂದರು ಸಾಹೇಬರು. "ಹಾಕಲಿಲ್ವೋ, ದಂಡ ಬೇರೆ, ಕೋರ್ಟು ಬೇರೆ. ಶೆಡ್ಡೂ ಹೋಗುತ್ತೆ."

"ನೀವು ಸರಿಯಾದ ಟೈಮಿಗೆ ದುಡ್ಡು ಕೊಟ್ಟಿದ್ರೆ ಸ್ವಾಮಿ..."

"ಆಫೀಸು ಅಂದ್ಮೇಲೆ ಲೇಟಾಗುತ್ತೆ ಕಣೋ. ನೀನು ಲೇಟು ಮಾಡಿದ್ರೆ ಅದು ಮೋಸ. ಇಷ್ಟೂ ತಿಳಿಯಲ್ವಾ, ಕತ್ತೆ?"

ತಿಳಿಯಿತು ಎಂದು ತಲೆಯಾಡಿಸಿದೆ. ಅವರು ಕೊಟ್ಟ ಪೆನ್ನು ತೆಗೆದುಕೊಂಡೆ. ಸುಳ್ಳೇಕೆ ಹೇಳಲಿ, ಪೆನ್ನು ಬಹಳ ಚೆನ್ನಾಗಿದೆ ಸಾರ್ ಎಂದೂ ಅಂದೆ.

ಬೆನ್ನ ಹಿಂದೆ ಏನೋ ಪಟ್ ಎಂದು ಕಡಿದ ಸದ್ದಾಯಿತು. ಗೋಡೆಗೆ ಸಾಲಾಗಿಟ್ಟಿದ್ದ ನಮ್ಮ ಕುರ್ಚಿಗಳಲ್ಲಿ ಒಂದನ್ನು ಹೆಂಡತಿ ಬೋರಲು ಹಾಕಿಕೊಂಡು ನೆಲದ ಮೇಲೆ ಕೂತಿದ್ದಳು. ಸೊಂಟದಲ್ಲಿದ್ದ ಬೆತ್ತ ಸೀಳುವ ಚಾಕು ಈಗ ಕೈಗೆ ಬಂದಿತ್ತು. ಸೀಟಿನ ಅಡಿಯ ಗಂಟು ಕತ್ತರಿಸಿ ಎಳೆ ಎಳೆಯಾಗಿ ಬೆತ್ತ ಬಿಚ್ಚುತ್ತಿದ್ದಳು. ಒಂದು ಸೀಟು ಹೆಣೆಯಲು ಅವಳಿಗೆ ಒಂದಿಡೀ ಹಗಲು ಬೇಕು.

"ಏಯ್! ಏನೇ ಮಾಡ್ತಿದ್ದೀಯಾ, ಮುಂಡೆ?"

"ಬೆತ್ತ ನಂದು, ಸರ ಅಡ ಇಟ್ಟು ತಂದಿದ್ದು" ಎಂದಳು ತಲೆಯೆತ್ತದೆ. "ಮರ ಇಟ್ಕೊಳ್ಳಿ. ಅದರ ಮಾತು ನಮ್ಮ ಯಜಮಾನರ ಹತ್ರ ಆಡಿ."

"ಆಫೀಸಿನ ಆಸ್ತಿ ಅದು! ಈ ನಷ್ಟ ಯಾವನೇ ತುಂಬಿಕೊಡ್ತಾನೆ?"

"ಬಿಲ್ಲು ಕಳಿಸಿ ಸಾಹೇಬ್ರೆ. ಮೂವತ್ತು ದಿನ ಅಂತ ಬರ್ಕೊಂಡು ಐದು ತಿಂಗಳು ಕಾಯ್ರಿ."

ಸಾಹೇಬರು ವಾಚ್‌ಮನ್‌ನನ್ನು ಕೂಗುತ್ತ ಬಾಗಿಲಿಗೆ ಓಡಿದರು. ನಾನು ಹೆಂಡತಿಯ ಕಡೆ ತಿರುಗಿದೆ. ಅವಳ ಬೆರಳ ತುದಿಗಳಲ್ಲಿ ಬೆತ್ತ ಕೊಯ್ದ ಗೆರೆಗಳಿದ್ದವು. ನೂರು ಸೀಟಿನ ಗೆರೆಗಳು. ಪೆನ್ನು ಮೇಜಿನ ಮೇಲಿಟ್ಟೆ, ಸಹಿ ಹಾಕಲಿಲ್ಲ. ಇನ್ನೊಂದು ಕುರ್ಚಿ ತಂದು ಅವಳ ಮುಂದೆ ಬೋರಲು ಹಾಕಿದೆ.

ಹೊರಗೆ ಯಾರೋ ಓಡಿಬರುವ ಸದ್ದಾಯಿತು.

"ಅಲ್ಲಾಡದ ಹಾಗೆ ಹಿಡ್ಕೊಳ್ರೀ" ಎಂದಳು.

ಹಿಡಿದುಕೊಂಡೆ. ಇನ್ನೂ ತೊಂಬತ್ತೆಂಟು ಉಳಿದಿದ್ದವು.