ರತ್ನವ್ವನ ಸೆಲ್ಲಿನ ಡಬ್ಬಿ

"ಅದನ್ನ ಮುಟ್ಟಬ್ಯಾಡ್ರಿ, ಕರೆಂಟ್ ಐತಿ!"

ರತ್ನವ್ವನ ಹೆಣವನ್ನು ಗೋಡೆಗೆ ಒರಗಿಸಿ ಕೂಡ್ರಿಸುತ್ತಿದ್ದ ಹೆಂಗಸರು, ಅಡ್ಡವಾಗಿದ್ದ ಸ್ಟೂಲಿನ ಮೇಲಿನ ಡಬ್ಬಿಗೆ ಕೈ ಹಾಕಿದಾಗ ಶಿವಬಸವ್ವ ಕೂಗಿಬಿಟ್ಟಳು. ಕೂಗಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಓರಗಿತ್ತಿ ಸತ್ತು ಕೂತಿರುವಾಗ ಈಕೆಗೆ ಡಬ್ಬಿಯ ಚಿಂತೆ ಎಂದು ಯಾರಾದರೂ ಅಂದುಕೊಂಡರೆ? ಯಾರೂ ಅಂದುಕೊಳ್ಳಲಿಲ್ಲ. ಹೆಣವನ್ನೇ ತುಸು ಅತ್ತ ಸರಿಸಿ, ಹಣೆ ತುಂಬ ವಿಭೂತಿ ಹಚ್ಚಿ, ಹಸಿರು ಸೀರೆಯ ಸೆರಗು ಹೊದಿಸಿದರು. ಪಕ್ಕದಲ್ಲಿ ಡಬ್ಬಿಯ ಕೆಂಪು ದೀಪ ಉರಿಯುತ್ತಲೇ ಇತ್ತು.

ಬೆಳಿಗ್ಗೆ ಸೆಲ್ಲಿಗೆ ಕರೆಂಟ್ ತುಂಬುವ ಆ ಡಬ್ಬಿಗೆ ಕೈಬ್ಯಾಟರಿಯ ಸೆಲ್ಲುಗಳನ್ನು ಹಾಕಿ ಅಂಗಳ ಗುಡಿಸಲು ಹೋದ ರತ್ನವ್ವ, ಕಸಬರಿಗೆ ಹಿಡಿದಂತೆಯೇ ಕುಸಿದಿದ್ದಳು. ಡಾಕ್ಟರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಗೋಪನಕೊಪ್ಪಕ್ಕೆ ಗೋಪನಕೊಪ್ಪವೇ ಬಂದಿತ್ತು. ಶಿವಬಸವ್ವನ ಗಂಡ ನೀಲಕಂಠಪ್ಪ ತೀರಿಕೊಂಡಾಗ ಬಂದವರೆಲ್ಲ ಕಟ್ಟೆಯ ಮೇಲೆ ಕೂತು ಇನ್ನೂ ಜಾಗ ಉಳಿದಿತ್ತು. ಇವತ್ತು ಓಣಿಯಲ್ಲಿ ಕಾಲಿಡಲು ಎಡೆಯಿಲ್ಲ.

"ಪುಣ್ಯವಂತಿ, ಮುತ್ತೈದಿ ಹೋದ್ಲು," ಎಂದರು ಯಾರೋ.

ಸಾಯುವುದರಲ್ಲೂ ತನಗಿಂತ ಒಂದು ಕೈ ಮೇಲೆ! ಹೆಣದ ಮೇಲೆ ಹೊಟ್ಟೆಕಿಚ್ಚು ಪಡುವುದು ಪಾಪವೆಂದು ಶಿವಬಸವ್ವನಿಗೆ ಗೊತ್ತಿತ್ತು. ಗೊತ್ತಿದ್ದೂ ಪಟ್ಟಳು.

ಎದುರುಮನೆಯ ಮೀರಾಬಿ ಎದೆ ಬಡಿದುಕೊಂಡು ಅಳುತ್ತಿದ್ದಳು. "ನಮ್ಮ ಮನಿಯವ್ರು ರಾತ್ರಿ ಪಾಳಿ ಕೆಲಸಕ್ಕ ಹೋಗಾವ್ರು. ಅವ್ರ ಬ್ಯಾಟರಿ ಆರಬಾರ್ದಂತ ಕರೆದು ಕರೆದು ಸೆಲ್ಲು ಇಸಗೋತಿದ್ಲವ್ವಾ. ಒಂದಿನಾನೂ ಇಲ್ಲ ಅನ್ನಲಿಲ್ಲ."

* * *

ಎಷ್ಟೋ ವರ್ಷದ ಹಿಂದೆ ಆ ಡಬ್ಬಿಯನ್ನು ರತ್ನವ್ವನ ಗಂಡ ಬಸಣ್ಣ ಮುಂಬಯಿಯಿಂದ ತಂದಿದ್ದ. ಜೊತೆಗೆ ಒಂದು ಜೋಡಿ ಪರದೇಶದ ಸೆಲ್ಲು. ಅವು ಖಾಲಿಯಾದರೆ ಮತ್ತೆ ತುಂಬಿಸಲೆಂದೇ ಮಾಡಿದಂಥವು. ಇಡೀ ದಿನ ಡಬ್ಬಿಯಲ್ಲಿದ್ದರೂ ಕೆಡುತ್ತಿರಲಿಲ್ಲ. ಓಣಿಯವರು ತರುತ್ತಿದ್ದುದು ಅಂಗಡಿಯ ಸೆಲ್ಲು, ಬೆಳಕು ಮಂದವಾದರೆ ಬಿಸಾಡುವಂಥವು. ಅವನ್ನು ರತ್ನವ್ವ ಸ್ವಲ್ಪ ಹೊತ್ತು ಮಾತ್ರ ಇಡುತ್ತಿದ್ದಳು. ನಡುನಡುವೆ ತೆಗೆದು ಕೆನ್ನೆಗೆ ಹಿಡಿದು ನೋಡುತ್ತಿದ್ದಳು. ಬೆಚ್ಚಗಾದರೆ ಸಾಕು, ಬಿಸಿಯಾದರೆ ಒಡೆಯುತ್ತವೆ. ಹೀಗೆ ಸಾಯಬೇಕಾದ ಸೆಲ್ಲು ಇನ್ನಷ್ಟು ದಿನ ಬದುಕುತ್ತಿದ್ದವು.

ಅಲ್ಲಿಯವರೆಗೆ ಹೆಪ್ಪಿಗೆ ಮಜ್ಜಿಗೆ, ಬಾಣಂತಿಗೆ ಔಷಧಿ ಎಂದು ಹಿರಿಯ ಸೊಸೆ ಶಿವಬಸವ್ವನನ್ನು ಕೇಳಿಕೊಂಡು ಬರುತ್ತಿದ್ದ ಓಣಿ, ಅಂದಿನಿಂದ "ರತ್ನವ್ವ ಅದಾಳೇನ್ರಿ?" ಎನ್ನತೊಡಗಿತು. ಬಾಗಿಲು ತೆರೆಯುವ ಕೆಲಸವೊಂದು ಶಿವಬಸವ್ವನಿಗೆ ಉಳಿಯಿತು.

"ಬರ್ರಿ ಅಕ್ಕಾರ, ನಿಮಗೂ ಕಲಿಸ್ತೇನಿ. ಭಾಳ ಸರಳ ಐತಿ," ಎಂದು ಕರೆದಿದ್ದಳು ರತ್ನವ್ವ.

"ನನಗ್ಯಾಕ ಬೇಕವ್ವಾ ಆ ಹಾಳ ಡಬ್ಬಿ? ಒಲಿ ಮುಂದಿನ ಕೆಲಸಾನ ಬೇಕಾದಷ್ಟ ಐತಿ ನನಗ."

ರತ್ನವ್ವ ಮತ್ತೆ ಕರೆಯಲಿಲ್ಲ. ಶಿವಬಸವ್ವ ಮಾತ್ರ ದಿನಾ ಅಡುಗೆಮನೆಯ ಬಾಗಿಲ ಮರೆಯಿಂದ ನೋಡಿದಳು. ಸೆಲ್ಲಿನ ತಲೆ ಯಾವ ಕಡೆಗೆ, ಮೊದಲು ತೆಗೆಯುವುದು ಯಾವುದು, ಎಲ್ಲ ಕಲಿತಳು. ಹೊಟ್ಟೆಕಿಚ್ಚಿನಿಂದ ಕಲಿತದ್ದು ಒಂದೂ ಮರೆಯಲಿಲ್ಲ.

* * *

ಮಧ್ಯಾಹ್ನ ಭಜನೆಯವರು ಬಂದರು. ಶಿವಬಸವ್ವನ ಕಣ್ಣು ಕೆಂಪು ದೀಪ ಬಿಟ್ಟು ಕದಲಲಿಲ್ಲ. ಬೆಳಿಗ್ಗೆಯೂ ಆಕೆ ಕದ್ದು ನೋಡಿದ್ದಳು. ಡಬ್ಬಿಯಲ್ಲಿ ಒಂದು ಕಡೆ ಮನೆಯ ಪರದೇಶದ ಜೋಡಿ, ಇನ್ನೊಂದು ಕಡೆ ಮೀರಾಬಿಯ ಗಂಡ ಗುಲಾಬಸಾಬನ ಅಂಗಡಿಯ ಸೆಲ್ಲು. ಅವು ಇಷ್ಟೊತ್ತಿಗೆ ಬಿಸಿಯಾಗಿರಬೇಕು. ಎದ್ದು ಪ್ಲಗ್ಗು ಕಿತ್ತರೆ ಮುಗಿಯಿತು. ಆದರೆ, "ನಿಮಗ ಹೆಂಗ ಗೊತ್ತರಿ?" ಎಂದು ಕೇಳಿದರೆ? ಇಷ್ಟು ವರ್ಷ ಕದ್ದು ನೋಡಿದ್ದು ಬಯಲಾಗುತ್ತದೆ.

ಒಡೆಯಲಿ, ಅಂದುಕೊಂಡಳು. ಡಬ್ಬಿಯೂ ಸುಟ್ಟುಹೋಗಲಿ. ಆಮೇಲೆ ಈ ಓಣಿ ರತ್ನವ್ವ ರತ್ನವ್ವ ಎಂದು ಎಷ್ಟು ದಿನ ಅಂದೀತು?

ತವರಿನವರು ಮುಖ ನೋಡದೆ ಹೆಣ ಎತ್ತುವಂತಿರಲಿಲ್ಲ. ಉಪ್ಪಿನಬೆಟಗೇರಿಯಿಂದ ರತ್ನವ್ವನ ಅಣ್ಣ ಬಂದು ಮುಟ್ಟುವಷ್ಟರಲ್ಲಿ ಹೊತ್ತು ಮುಳುಗಿತ್ತು.

"ಮಣ್ಣ ಮಾಡೂ ಜಾಗಾದಾಗ ಬೆಳಕಿಲ್ಲ. ಬ್ಯಾಟರಿ ಯಾರ ಕಡೆ ಐತಿ?" ಎಂದ ಬಸಣ್ಣ.

"ನನ್ನ ಕಡೆ ಐತ್ರಿ, ಸೆಲ್ಲಿಲ್ಲ. ಇಲ್ಲೇ ಕೊಟ್ಟಿದ್ದೆ," ಎಂದ ಗುಲಾಬಸಾಬ.

"ಅದಕ್ಯಾಕ ಅಷ್ಟು ವಿಚಾರ? ರತ್ನವ್ವನ್ನ ಕೇಳಿ ಇಸಗೋರಿ," ಎಂದಳು ಮೀರಾಬಿ.

ಭಜನೆ ನಿಂತೇಹೋಯಿತು. ಮೀರಾಬಿ ಬಾಯಿಗೆ ಸೆರಗು ಒತ್ತಿಕೊಂಡಳು. ಬಸಣ್ಣ ಹೆಂಡತಿಯ ಮುಖವನ್ನೇ ನೋಡಿದ, ಆಕೆ ಈಗ ಎದ್ದು ಕೊಟ್ಟಾಳೆಂಬಂತೆ. ಬೆಳಗಿನಿಂದ ಅಳದಿದ್ದ ಶಿವಬಸವ್ವ ಈಗ ಕಣ್ಣೊರೆಸಿಕೊಂಡಳು.

ಆಕೆ ಎದ್ದು ಹೋಗಿ ಪ್ಲಗ್ಗು ಕಿತ್ತಳು. ಕೆಂಪು ದೀಪ ಆರಿತು. ಗುಲಾಬಸಾಬನ ಸೆಲ್ಲು ಮುಟ್ಟಲಾಗದಷ್ಟು ಸುಡುತ್ತಿದ್ದವು, ಒಂದರ ತಳ ಒಡೆದು ರಸ ಸೋರಿತ್ತು. ಅವನ್ನು ಸೆರಗಿನಿಂದ ಹಿಡಿದು ಬದಿಗಿಟ್ಟಳು. ಮನೆಯ ಜೋಡಿಯನ್ನು ಒಂದೊಂದಾಗಿ ಕೆನ್ನೆಗೆ ಹಿಡಿದು ನೋಡಿ, ಗುಲಾಬಸಾಬ ಚಾಚಿದ ಬ್ಯಾಟರಿಗೆ ಹಾಕಿ, ಗುಂಡಿ ಒತ್ತಿದಳು. ಬೆಳಕು ನೇರವಾಗಿ ರತ್ನವ್ವನ ಮುಖದ ಮೇಲೆ ಬಿತ್ತು.

"ವೈನಿ, ನಿಮಗ ಇದು ಬರ್ತಿತ್ತೇನ್ರಿ?" ಬಸಣ್ಣ ಅತ್ತಿಗೆಯನ್ನು ಬೆರಗಾಗಿ ಕೇಳಿದ.

ನಾನೇ ಕಲಿತೆ ಎನ್ನಬಹುದಿತ್ತು. ಓಣಿಯೆಲ್ಲ ಕಿವಿಗೊಟ್ಟು ನಿಂತಿತ್ತು.

"ಆಕೀನ ಕಲಿಸಿದ್ಲಪಾ," ಎಂದಳು ಶಿವಬಸವ್ವ.

"ನೋಡ್ರಿ, ಎಂಥಾ ಮನಸ ಇತ್ತು ಆಕಿದು!" ಎಂದು ಮೀರಾಬಿ ಮತ್ತೆ ಅಳತೊಡಗಿದಳು. ಸುತ್ತಲಿನವರು ಹೌದೆಂದು ತಲೆಯಾಡಿಸಿದರು. ಹೆಣದ ಮೇಲೆ ಶಿವಬಸವ್ವ ಮತ್ತೊಮ್ಮೆ ಹೊಟ್ಟೆಕಿಚ್ಚು ಪಟ್ಟಳು.

ಹೆಣ ಕೂಡ್ರಿಸಿದ ವಿಮಾನ ಎತ್ತಿದರು. ಬ್ಯಾಟರಿಯ ಬೆಳಕು ಮುಂದೆ, ಜನ ಹಿಂದೆ, ಓಣಿಯ ತಿರುವು ದಾಟಿ ಹೋಯಿತು. ಹೆಂಗಸರು ಮನೆ ತೊಳೆಯಲು ನೀರು ತಂದರು. ಶಿವಬಸವ್ವ ಡಬ್ಬಿಯ ಮುಂದೆ ಕೂತು, ಗುಲಾಬಸಾಬನ ಸೆಲ್ಲುಗಳಲ್ಲಿ ಒಡೆಯದೆ ಉಳಿದದ್ದನ್ನು ತೆಗೆದುಕೊಂಡು ಕೆನ್ನೆಗೆ ಹಿಡಿದಳು. ಅದು ಆಗಲೇ ತಣ್ಣಗಾಗಿತ್ತು.

"ಏಳ್ರಿ ಅಕ್ಕಾರ, ನೀರ ಹಾಕ್ತೇವಿ," ಎಂದರು ಹೆಂಗಸರು.

"ತಡೀರಿ, ಇನ್ನೂ ಬಿಸಿ ಐತಿ," ಎಂದಳು ಶಿವಬಸವ್ವ. ಸೆಲ್ಲನ್ನು ಕೆನ್ನೆಯಿಂದ ತೆಗೆಯಲಿಲ್ಲ.