ಕ್ಯಾಪ್ಟನ್ ಒಬ್ಬನೇ ಸ್ವರ್ಗಕ್ಕೆ ಹೋದದ್ದು

ನಮ್ಮ ಕಂಪನಿ ಆಡುತ್ತಿದ್ದ ಒಪೆರಾದ, ಅಂದರೆ ಹಾಡಿನಲ್ಲೇ ನಡೆಯುವ ನಾಟಕದ, ಕಥೆ ಇಷ್ಟೇ. ಸಮುದ್ರಕ್ಕೇ ಸವಾಲು ಹಾಕಿ ಶಾಪ ತಗುಲಿಸಿಕೊಂಡ ನಾವಿಕನೊಬ್ಬ ದಡ ಸೇರಲಾಗದೆ ಅಲೆಯುತ್ತಾನೆ. ಪ್ರೀತಿಯಿಂದ ಅವನಿಗಾಗಿ ಪ್ರಾಣ ಕೊಡುವ ಹೆಣ್ಣು ಸಿಕ್ಕರೆ ಮುಕ್ತಿ. ತಪ್ಪು ಮಾಡಿದವನು ಅವನು, ಬಂಡೆಯಿಂದ ಹಾರಬೇಕಾದವಳು ಅವಳು. ಇದನ್ನು ಬರೆದವನು ಗಂಡಸೇ ಇರಬೇಕು ಎಂದು ಮೊದಲ ತಾಲೀಮಿನಲ್ಲೇ ಹೇಳಿದೆ. ವಿಗ್ ಕೂರಿಸುವ ನನ್ನಂಥವಳ ಮಾತನ್ನು ಯಾರು ಕಿವಿಗೆ ಹಾಕಿಕೊಳ್ಳುತ್ತಾರೆ?

ಹಾರುವವಳು ನನ್ನ ತಂಗಿ. ನಾವಿಕನ ಪಾತ್ರದವನನ್ನು ಕಂಪನಿಯವರೆಲ್ಲ ಕ್ಯಾಪ್ಟನ್ ಎನ್ನುತ್ತಿದ್ದರು. ಗಂಟಲು ಬಂಗಾರ. ಉಳಿದದ್ದನ್ನು ಹೇಳದಿರುವುದೇ ವಾಸಿ, ಆದರೂ ಹೇಳುತ್ತೇನೆ: ಕುಡಿತ, ಸಿಡುಕು, ಊರಿಗೊಬ್ಬಳು ಗೆಳತಿ. ವೇದಿಕೆಯ ಮೇಲೆ ಹಾಡುವುದನ್ನೇ ಅವನು ತಂಗಿಯ ಕಿವಿಯಲ್ಲೂ ಉಸುರಿದ್ದ: "ನನ್ನನ್ನ ಉದ್ಧಾರ ಮಾಡೋಕೆ ನಿನ್ನೊಬ್ಬಳಿಂದಲೇ ಆಗೋದು." ಮದುವೆಯಾದ ಮೇಲೆ ಅವಳು ಹಾಡುವಂತಿಲ್ಲ, ಒಂದು ಮನೆಗೆ ಒಂದು ಗಂಟಲು ಸಾಕಂತೆ. ಆದರೂ ಅವಳು ಕರಗಿ ನೀರಾಗಿದ್ದಳು. ಕೊನೆಯ ಪ್ರದರ್ಶನ ಮುಗಿದ ಕೂಡಲೇ ಮದುವೆಯ ಮಾತಿಗೆ ಉತ್ತರ ಹೇಳುವುದಾಗಿ ಮಾತು ಕೊಟ್ಟಿದ್ದಳು.

"ಬೇಡ ಕಣೇ ಹುಚ್ಚಿ," ಅಂದೆ.

"ನೀನು ಸುಮ್ನಿರು," ಎಂದಳು ಅಮ್ಮ. "ಗಂಡಸ್ರು ಇರೋದೇ ಹಾಗೆ. ಮದುವೆ ಆದ್ರೆ ಸರಿಹೋಗ್ತಾರೆ."

ಇಡೀ ಒಪೆರಾವನ್ನು ಅಮ್ಮ ಒಂದೇ ಉಸಿರಿನಲ್ಲಿ ಮುಗಿಸಿದ್ದಳು, ಅದೂ ವಾದ್ಯಗಳಿಲ್ಲದೆ.

ನಮ್ಮ ಬಂಡೆಯೆಂದರೆ ಹಲಗೆ, ಗೋಣಿತಟ್ಟು, ಬೂದುಬಣ್ಣ. ಅದರ ಹಿಂದೆ, ಪ್ರೇಕ್ಷಕರಿಗೆ ಕಾಣದಂತೆ, ದಪ್ಪನೆಯ ಹಾಸಿಗೆ. ತಂಗಿ ಅದರ ಮೇಲೆ ಹಾರಿ ಬಿದ್ದು, ಎದ್ದು, ಪಕ್ಕದ ಲಿಫ್ಟಿನಲ್ಲಿ ಕ್ಯಾಪ್ಟನ್ ಜೊತೆ ನಿಲ್ಲಬೇಕು. ಹೊಗೆಯ ನಡುವೆ ಇಬ್ಬರೂ ತಬ್ಬಿಕೊಂಡು ಸ್ವರ್ಗಕ್ಕೆ ಏರಬೇಕು.

ಕೊನೆಯ ದಿನ ನಡುವಿನ ಅಂಕದಲ್ಲಿ ಕ್ಯಾಪ್ಟನ್‌ಗೆ ಕೆಲಸವಿರಲಿಲ್ಲ. ಸೊಂಟನೋವೆಂದು ಆ ಹಾಸಿಗೆಯನ್ನು ಮೇಕಪ್ ಕೋಣೆಗೆ ಎಳೆದೊಯ್ದು ಗಡದ್ದಾಗಿ ನಿದ್ದೆ ಹೊಡೆದ. ಕರೆ ಬಂದಾಗ ಎದ್ದು, ಮೀಸೆ ತಿದ್ದಿಕೊಂಡು, ಕೈಬೀಸಿ ನಡೆದ. ಹಾಸಿಗೆ ಕೋಣೆಯಲ್ಲೇ ಉಳಿಯಿತು. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ; ಆಗ ನಾನು ವೇದಿಕೆಯ ಇನ್ನೊಂದು ಬದಿಯಲ್ಲಿ ಮೇಳದವರ ವಿಗ್ ಬಿಗಿಯುತ್ತಿದ್ದೆ.

ಕೊನೆಯುಸಿರಿನವರೆಗೂ ಕೈಬಿಡೆನೆಂದು ತಾರಕದಲ್ಲಿ ಹಾಡಿ ತಂಗಿ ಹಾರಿದಳು. ಧೊಪ್ಪೆಂಬ ಸದ್ದು, ಬೆನ್ನಿಗೇ ಚೀತ್ಕಾರ. ಎಂಥ ಅಭಿನಯವೆಂದು ಜನ ಚಪ್ಪಾಳೆ ತಟ್ಟಿದರು. ನಾನು ಓಡಿದೆ. ತಂಗಿ ಬರಿನೆಲದ ಮೇಲೆ ಪಾದ ಹಿಡಿದು ಹೊರಳಾಡುತ್ತಿದ್ದಳು. ಕ್ಯಾಪ್ಟನ್ ಅವಳತ್ತ ನೋಡಿದ; ನೋಡಿದ್ದನ್ನು ನಾನು ಕಣ್ಣಾರೆ ಕಂಡೆ. ವಾದ್ಯಗಳು ನಿಂತಿರಲಿಲ್ಲ. ಅವನು ಲಿಫ್ಟ್ ಹತ್ತಿ, ಗಾಳಿಯನ್ನು ತಬ್ಬಿಕೊಂಡು, ಒಬ್ಬನೇ ಸ್ವರ್ಗಕ್ಕೆ ಹೋದ. ಒಂದು ಸ್ವರವೂ ತಪ್ಪಲಿಲ್ಲ.

ತಂಗಿಯನ್ನು ಮೇಕಪ್ ಕೋಣೆಗೆ ಹೊತ್ತು ತಂದು ಅದೇ ಹಾಸಿಗೆಯ ಮೇಲೆ ಮಲಗಿಸಿದೆವು. ಪಾದ ಕುಂಬಳಕಾಯಿಯಂತೆ ಊದಿತ್ತು. ಪ್ರದರ್ಶನಕ್ಕೆ ಬಂದಿದ್ದ ಅಮ್ಮ ಅವಳ ತಲೆ ಸವರುತ್ತಾ ಕೂತಳು. ಡಾಕ್ಟರಿಗಿಂತ ಮೊದಲು ಕ್ಯಾಪ್ಟನ್ ಬಂದ, ಕೈತುಂಬ ಹೂಗುಚ್ಛ.

"ನೀನು ಬರಲೇ ಇಲ್ಲ. ಅಷ್ಟು ಜನರ ಮುಂದೆ ನಾನೊಬ್ಬನೇ ಹೇಗೆ ನಿಭಾಯಿಸ್ದೆ ಗೊತ್ತಾ?" ಎಂದ. "ಇರಲಿ ಬಿಡು. ನನ್ನ ಉತ್ತರ ಎಲ್ಲಿ?"

ನನಗೆ ಮೈಯೆಲ್ಲ ಉರಿದುಹೋಯಿತು. ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಶುರು ಮಾಡಿದಳು: "ಬೇಕಂತ ಮಾಡಿದ್ರಾ ಪಾಪ? ಮುಂದೆ ಸರಿಹೋಗ್ತಾರೆ..."

"ಅಮ್ಮಾ," ತಂಗಿ ಹಲ್ಲುಕಚ್ಚಿ ಕೇಳಿದಳು, "ಅಪ್ಪ ಯಾವಾಗ ಸರಿಹೋದ್ರು?"

ಅಮ್ಮನ ಮುಖ ನೋಡಿ ನನಗೆ ಸಂಕಟವಾಯಿತು. ಅವಳು ಸೆರಗಿನಿಂದ ತಂಗಿಯ ಹಣೆ ಒರೆಸಿದಳು, ಆಮೇಲೆ ತನ್ನ ಕಣ್ಣು.

"ಇವಳು ಬರಲ್ಲ. ನೀವು ಹೊರಡಿ," ಎಂದಳು. "ಬಾಗಿಲು ಹಾಕ್ಕೊಂಡು ಹೋಗಿ."